ರಿಂಗು ಹಾರಿದ ಮಳೆಗಾಲ

ಕಳೆದ ವಾರ ಶ್ರೀರಂಗಪಟ್ಟಣದ ದಾರಿಯಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಟೈರ್ ಅಂಗಡಿಯ ಪಕ್ಕ ನಿಂತಿದ್ದೆ. ಮಳೆ ಬಂದು ಆಗಷ್ಟೇ ಬಿಟ್ಟಿತ್ತು. ಸೋಪು ನೀರು ಸವರಿದ ಹಳೆಯ ರಬ್ಬರಿನ ವಾಸನೆ ಬಂತು. ತಿರುಗಿ ನೋಡುವ ಮೊದಲೇ ನನ್ನ ಕಾಲು ಪಕ್ಕಕ್ಕೆ ಸರಿದಿತ್ತು. ನೋಡಿದರೆ ಅಲ್ಲಿ ಯಾರೂ ಲಾರಿ ಟೈರಿಗೆ ಗಾಳಿ ಹೊಡೆಯುತ್ತಿರಲಿಲ್ಲ. ಒಬ್ಬರು ಕಾರಿನ ಟೈರನ್ನು ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದರು, ಅಷ್ಟೆ. ಆದರೂ ಎಡಗಿವಿಯೊಳಗಿನ ಸಿಳ್ಳೆ ಒಂದೇ ಸಲಕ್ಕೆ ಏರಿಬಿಟ್ಟಿತ್ತು. ಪಕ್ಕದಲ್ಲಿದ್ದ ಹೆಂಗಸು, "ಯಾಕವ್ವ, ಹಾವೇನಾದ್ರೂ ಕಂಡ್ಯಾ?" ಎಂದು ನೆಲ ನೋಡಿದರು. ಇಲ್ಲ ಎಂದೆ. ಮೂರು ವರ್ಷದ ಹಿಂದಿನ ಒಂದು ಮಳೆಗಾಲ ಕಂಡಿತು ಎಂದು ಬಸ್ ಸ್ಟಾಪಿನಲ್ಲಿ ಹೇಗೆ ಹೇಳುವುದು?

ಕೆಸರೆಯ ದೊಡ್ಡ ರಸ್ತೆಯಲ್ಲಿ ನಮ್ಮದು ಲಾರಿ ಟೈರಿನ ಅಂಗಡಿ. ಅಪ್ಪ ನರಸೀಪುರದ ಕಡೆಯಿಂದ ಬಂದು ಸೈಕಲ್ ಪಂಚರ್ ಹಾಕುತ್ತಾ ಶುರು ಮಾಡಿದ್ದು. ನಾನು ಬಿ.ಕಾಂ. ಮುಗಿಸಿ, ಒಂದಷ್ಟು ದಿನ ಆಡಿಟರ್ ಆಫೀಸಿನಲ್ಲಿ ಕೂತು, ಅಲ್ಲಿ ಉಸಿರು ಕಟ್ಟಿ ಅಂಗಡಿಗೆ ಬಂದವಳು. ಬಿಲ್ಲು ಬರೆಯಲೆಂದು ಬಂದೆ. ಕೆಲಸದ ರುಚಿ ಹತ್ತಿತು. ಮೊದಮೊದಲು ಡ್ರೈವರುಗಳು, "ಸಿದ್ದರಾಜಣ್ಣ, ನಿನ್ ಮಗಳು ಚಕ್ರ ಬಿಚ್ತಾಳೋ ಇಲ್ಲ ಅದಕ್ಕೆ ಬಳೆ ತೊಡಿಸ್ತಾಳೋ?" ಎಂದು ನಗುತ್ತಿದ್ದರು. ಆಮೇಲೆ ಅವರೇ "ರೇಖಾ ಮೇಡಂ ಇಲ್ವಾ?" ಎಂದು ಕೇಳಿಕೊಂಡು ಬರತೊಡಗಿದರು. ಕಲಿಸಿದ್ದು ಚೆಲುವಣ್ಣ, ಅಪ್ಪನ ಜೊತೆ ಮೊದಲಿನಿಂದ ಇದ್ದ ಫಿಟ್ಟರ್.

ಗಾಳಿಯ ಕೆಲಸ ಅರ್ಧ ಕಿವಿಯ ಕೆಲಸ. ಕಬ್ಬಿಣದ ರಾಡಿನಿಂದ ಟೈರಿಗೆ ಹೊಡೆದು, ಬರುವ ಸದ್ದಿನಲ್ಲೇ ಗಾಳಿ ಸಾಕೋ ಇಲ್ಲವೋ ಹೇಳುತ್ತೇವೆ. ಟ್ಯೂಬಿನ ಸಣ್ಣ ಸೋರಿಕೆಯನ್ನು ಕೆನ್ನೆಯ ಹತ್ತಿರ ಹಿಡಿದು ಕೇಳುತ್ತೇವೆ. ಹಳೆಯ ಲಾರಿಗಳ ಚಕ್ರದಲ್ಲಿ ಇನ್ನೊಂದಿದೆ. ಟೈರು ಚಕ್ರದ ಕಬ್ಬಿಣದ ಡಿಸ್ಕಿನಿಂದ ಜಾರದಂತೆ ಹಿಡಿದಿಡುವುದು ಒಂದು ಉಕ್ಕಿನ ಬಳೆ, ಲಾಕ್ ರಿಂಗು. ಅದನ್ನು ಡಿಸ್ಕಿನ ಅಂಚಿನ ತೋಡಿನಲ್ಲಿ ಕೂರಿಸಿ ಗಾಳಿ ತುಂಬಬೇಕು. ತೋಡಿನಲ್ಲಿ ತುಕ್ಕು ಇದ್ದರೆ, ಅಥವಾ ರಿಂಗು ಬೇರೆ ಡಿಸ್ಕಿನದ್ದಾಗಿದ್ದರೆ, ಒಂದು ಕಡೆ ಕೂರುವುದಿಲ್ಲ. ಆಗ ಗಾಳಿಯನ್ನು ಪೂರ್ತಿ ಬಿಟ್ಟು, ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಬೇಕು. ಯಾರಿಗೂ ಅಷ್ಟು ಪುರುಸೊತ್ತಿರುವುದಿಲ್ಲ. ಹಾಗಾಗಿ ನಮ್ಮ ಕಸುಬಿನವರು ಗಾಳಿ ಏರುತ್ತಿರುವಾಗಲೇ ಸುತ್ತಿಗೆ ಹಿಡಿದು ರಿಂಗಿನ ಸುತ್ತ ತಟ್ಟುತ್ತಾ ಬರುತ್ತಾರೆ. ಟಣ್ ಎಂದರೆ ಕೂತಿಲ್ಲ, ಟಕ್ ಎಂದರೆ ಕೂತಿದೆ. ಚೆಲುವಣ್ಣನ ಸುತ್ತಿಗೆ ಕೆಸರೆಯಲ್ಲೆಲ್ಲಾ ಹೆಸರುವಾಸಿ. ಅದನ್ನು ನಾವು ಕೈಚಳಕ ಎಂದುಕೊಂಡಿದ್ದೆವು. ಅದು ಸಾವಿನ ಬಾಗಿಲು ತಟ್ಟುವ ಕೆಲಸ ಎಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಯಾರನ್ನೂ ಕೇಳಿರಲಿಲ್ಲ.

ಆಷಾಢ ಶುರುವಾಗಿತ್ತು. ಬೆಳಿಗ್ಗೆಯಿಂದ ಜಿನುಗು ಮಳೆ. ಇಟ್ಟಿಗೆ ಲಾರಿಯ ಹಿಂದಿನ ಚಕ್ರ ಬಿಚ್ಚಿ ಪಂಚರ್ ಹಾಕಿ ನೆಲಕ್ಕೆ ಮಲಗಿಸಿದ್ದೆವು. ಚೆಲುವಣ್ಣ ಕುಕ್ಕರಗಾಲಲ್ಲಿ ಕೂತು ಗಾಳಿ ತುಂಬುತ್ತಾ ತಟ್ಟುತ್ತಿದ್ದ. ನಾನು ಅವನ ಎದುರು ಬಾಗಿ, ಟೈರಿನ ಮೇಲಿನ ನಂಬರು ಬರೆದುಕೊಳ್ಳಲು ನೋಡುತ್ತಿದ್ದೆ. ಹಿಂದೆ ಬಲ್ಬು ಉರಿಯುತ್ತಿದ್ದರಿಂದ ನನ್ನ ನೆರಳೇ ನಂಬರಿನ ಮೇಲೆ ಬಿದ್ದಿತ್ತು. ಓದಲಾಗದೆ ಪಕ್ಕಕ್ಕೆ ಸರಿದೆ. "ಬತ್ತಾ ಐತೆ, ಬತ್ತಾ ಐತೆ, ಇನ್ನೊಂದ್ ಏಟು" ಎಂದ ಚೆಲುವಣ್ಣ.

ಆಮೇಲಿನದನ್ನು ಸದ್ದು ಎನ್ನಲು ಆಗುವುದಿಲ್ಲ. ಸದ್ದು ಕೇಳಿಸುತ್ತದೆ. ಇದು ಮೈಗೆ ಬಡಿಯಿತು. ನಾನು ಗೋಡೆಯ ಬಳಿ ಕೂತಿದ್ದೆ, ಹೇಗೆ ಕೂತೆನೋ ಗೊತ್ತಿಲ್ಲ. ಗಾಳಿಯಲ್ಲಿ ಧೂಳು, ಮಾಡಿನ ತಗಡಿನಲ್ಲಿ ಒಂದು ಹರಿದ ಬಾಯಿ, ಅದರಿಂದ ಒಳಗೆ ಬೀಳುವ ಮಳೆ. ಚೆಲುವಣ್ಣ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದ. ಅವನ ಮುಂಗೈ ಇರಬಾರದ ಕಡೆ ಬಾಗಿತ್ತು. ಅವನ ಬಾಯಿ ಆಡುತ್ತಿತ್ತು, ನನಗೆ ಮಾತು ಕೇಳುತ್ತಿರಲಿಲ್ಲ. ಓಡಿ ಬಂದ ಅಪ್ಪನ ಬಾಯಿಯೂ ಹಾಗೇ. ಇಡೀ ಅಂಗಡಿ ಗಾಜಿನ ಆಚೆ ಇದ್ದಂತಿತ್ತು. ನಾನು ಮೊದಲು ಬಾಗಿದ್ದ ಜಾಗದ ಮೇಲಿನಿಂದಲೇ ರಿಂಗು ಹಾರಿಹೋಗಿತ್ತು. ಅವನ ತೋಳನ್ನು ಸವರಿ, ನನ್ನ ಮುಖ ಇದ್ದ ಕಡೆಯಿಂದ ತಗಡು ಸೀಳಿಕೊಂಡು. ಇದನ್ನು ಯಾರೂ ಹೇಳಬೇಕಾಗಿರಲಿಲ್ಲ. ಹರಿದ ತಗಡಿನಿಂದ ಕೆಳಕ್ಕೆ ಕಣ್ಣು ಒಂದು ಗೆರೆ ಎಳೆದರೆ ಸಾಕಿತ್ತು. ಆ ಗೆರೆಯನ್ನು ನಾನು ಇವತ್ತಿಗೂ ಎಳೆಯುತ್ತಿದ್ದೇನೆ.

ಚೆಲುವಣ್ಣನ ತೋಳಿಗೆ ಆಪರೇಷನ್ ಆಗಿ ಪ್ಲೇಟು ಹಾಕಿದರು. ನನಗೆ ಗಾಯವಿರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಅವನ ಸುತ್ತ ಓಡಾಡುತ್ತಿದ್ದಾಗ, ಗಾಯವಿಲ್ಲದವಳು ಕಿವಿ ಮಂಕಾಗಿದೆ ಎಂದು ಹೇಳುವುದು ನಾಚಿಕೆ ಅನಿಸಿತು. ನೋಡಲು ಬಂದವರೆಲ್ಲಾ, "ನಿನ್ ಗ್ರಾಚಾರ ಚೆನ್ನಾಗಿತ್ತು ಕಣವ್ವ, ಬದುಕ್ಕೊಂಡೆ" ಎಂದರು. ಒಬ್ಬರೂ ಸುತ್ತಿಗೆಯ ಮಾತೆತ್ತಲಿಲ್ಲ. ನನಗೆ ಆಗಲೇ ಸಿಟ್ಟು ಹತ್ತಿದ್ದು. ಗ್ರಹಗಳಿಗೆ ನಮ್ಮ ಅಂಗಡಿಯ ತಗಡಿನಲ್ಲಿ ಏನು ಕೆಲಸ?

ಎರಡು ದಿನ ಬಿಟ್ಟು ಕಿವಿ ಸ್ವಲ್ಪ ತೆರೆಯಿತು. ಅಂಗಡಿಯ ಬಾಗಿಲು ತೆಗೆದು ಒಳಗೆ ಹೋದರೆ, ಎಲ್ಲೋ ಗಾಳಿ ಸೋರುವ ಸದ್ದು. ಸುಯ್ ಎಂದು, ಸಣ್ಣಗೆ, ನಿಲ್ಲದೆ. ಪೈಪಿನ ಜೋಡಣೆ ಸಡಿಲವಾಗಿದೆ ಎಂದುಕೊಂಡೆ. ಸೋಪು ನೀರು ಕಲಸಿ ಪೈಪಿನ ಉದ್ದಕ್ಕೂ ಸವರಿದೆ. ಎಲ್ಲೂ ಗುಳ್ಳೆ ಏಳಲಿಲ್ಲ. ಕಂಪ್ರೆಸ್ಸರಿನ ಮೀಟರು ನೋಡಿದೆ, ವಾಲ್ವು ಬಿಚ್ಚಿ ಹಾಕಿದೆ. ಅಪ್ಪ ಬಂದು, "ಏನ್ ಮಾಡ್ತಿದ್ದೀ?" ಎಂದರು.

"ಗಾಳಿ ಸೋರ್ತಾ ಇದೆ ಅಪ್ಪ. ಕೇಳಿಸ್ತಿಲ್ವಾ?"

"ಕಂಪ್ರೆಸ್ಸರೇ ಆನ್ ಆಗಿಲ್ವಲ್ಲಮ್ಮ. ಆವತ್ತಿಂದ ಟ್ಯಾಂಕು ಖಾಲಿ."

ಬ್ರಶ್ಶು ಕೈಯಲ್ಲೇ ಇತ್ತು. ಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿದ್ದನ್ನು ನಾನೇ ಆಗಷ್ಟೇ ನೋಡಿದ್ದೆ. ಸೋರುತ್ತಿದ್ದದ್ದು ನನ್ನ ತಲೆಯೊಳಗೆ.

ಅಮ್ಮ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟರು. ಮಾರನೆಯ ದಿನ ಮತ್ತೆ. ಸಿಳ್ಳೆಗೆ ಏನೂ ಆಗಲಿಲ್ಲ. ಹತ್ತಿ ತುರುಕಿಕೊಂಡೆ. ಹೊರಗಿನ ಬಸ್ಸು, ಲಾರಿ ಎಲ್ಲಾ ದೂರ ಸರಿದವು, ಸಿಳ್ಳೆ ಒಂದೇ ಉಳಿದು ಇನ್ನೂ ಜೋರಾಯಿತು. ಹತ್ತು ದಿನ ಹೀಗೆ ಕಳೆದು ಕಿವಿ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಬೆಳ್ಳುಳ್ಳಿಯ ಸಿಪ್ಪೆ ತೆಗೆದರು. "ಕಿವಿ ತಮಟೆ ಹರಿದಿಲ್ಲ, ಪುಣ್ಯ. ಇಂಥ ಏಟು ಬಿದ್ದು ಕಿವಿ ಮಂಕಾದ್ರೆ ಅದೇ ದಿನ ಬರಬೇಕಮ್ಮ. ಆಗ ಕೊಟ್ಟ ಮಾತ್ರೆಗೆ ಅರ್ಥ ಇರ್ತಿತ್ತು" ಎಂದರು. ಕೇಳುವಿಕೆಯ ಪರೀಕ್ಷೆಗೆ ಬರೆದುಕೊಟ್ಟರು. ಸಿಳ್ಳೆ ಯಾವಾಗ ಹೋಗುತ್ತದೆ ಎಂದಿದ್ದಕ್ಕೆ, "ಹೋದ್ರೆ ಹೋಗಬಹುದು. ಇಲ್ಲಾಂದ್ರೆ ಅದರ ಜೊತೆ ಇರೋದು ಕಲೀಬೇಕು" ಎಂದು ಮುಂದಿನವರನ್ನು ಕರೆದರು.

ಅದರ ಜೊತೆ ಇರುವುದು ಹೇಗೆ ಎಂದು ಹೇಳಲು ಅವರಿಗೆ ಪುರುಸೊತ್ತಿರಲಿಲ್ಲ. ಅಪ್ಪನಿಗೆ ಮಾತ್ರ ಅದು ಚೆನ್ನಾಗಿ ಅರ್ಥವಾದಂತಿತ್ತು. ಮನೆಗೆ ಬಂದು ಶರ್ಟು ಬಿಚ್ಚುವ ಮೊದಲೇ ಹೇಳಿದರು: "ಲಾರಿ ಕೆಲಸ ಬುಟ್ಬುಡೋಣ. ಬೈಕು, ಆಟೋ ಸಾಕು. ನೀನು ಅಂಗಡಿಗೇ ಬರಬೇಡ. ದಟ್ಟಗಳ್ಳೀಲಿ ನಿನ್ ಚಿಕ್ಕಮ್ಮನ ಅಂಗಡೀಲಿ ಕೂತ್ಕೋ. ಅಲ್ಲಿ ಗಲಾಟೆ ಇಲ್ಲ."

"ನಾನು ಕಲ್ತ ಕೆಲಸ ಇದು ಅಪ್ಪ."

"ಕಲ್ತಿದ್ದು ಸಾಕು. ನಾನಿರೋ ತನಕ ನೀನು ಲಾರಿ ಚಕ್ರ ಮುಟ್ಟಂಗಿಲ್ಲ."

ಅಪ್ಪ ಗದರಿಸಿದ್ದಲ್ಲ. ಹೇಳುವಾಗ ಅವರು ಶರ್ಟಿನ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಬಿಚ್ಚಿ ಹಾಕುತ್ತಿದ್ದರು. ಅದಕ್ಕೇ ನಾನು ಎದುರಾಡಲಿಲ್ಲ. ಆದರೆ ಒಂದು ಮಾತು ಒಳಗೆ ಗಟ್ಟಿಯಾಯಿತು. ಅಂಗಡಿ ಬಿಡುವುದಾದರೆ ನಾನಾಗಿ ಬಿಡಬೇಕು, ಈ ಸಿಳ್ಳೆ ಬಿಡಿಸಬಾರದು.

ಚಿಕ್ಕಮ್ಮನದು ಬ್ಲೌಸ್ ಪೀಸು, ಫಾಲ್ಸು, ದಾರದ ಅಂಗಡಿ. ಅಗಲವಾದ ಹೊಸ ರಸ್ತೆ, ಎದುರಿಗೆ ಖಾಲಿ ಸೈಟು. ಮಧ್ಯಾಹ್ನವಾದರೆ ನಾಯಿಯೂ ಬೊಗಳುವುದಿಲ್ಲ. ಅಪ್ಪ ನನಗೆ ಹುಡುಕಿಕೊಟ್ಟ ನೆಮ್ಮದಿ ಅದು. ನನ್ನ ಪಾಲಿಗೆ ಆ ಮಳೆಗಾಲದ ಅತ್ಯಂತ ಗದ್ದಲದ ಜಾಗವೂ ಅದೇ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಸಿಳ್ಳೆ ಇಡೀ ಅಂಗಡಿ ತುಂಬುತ್ತಿತ್ತು. ಬಣ್ಣ ಬಣ್ಣದ ದಾರದುಂಡೆಗಳೆಲ್ಲಾ ಕೂಗುತ್ತಿರುವಂತೆ ಕಾಣುತ್ತಿತ್ತು. ಅದನ್ನು ಕೇಳುತ್ತಾ, ಕೇಳುತ್ತಿದೆಯೇ ಎಂದು ಪರೀಕ್ಷಿಸುತ್ತಾ, ನಿನ್ನೆಗಿಂತ ಜೋರೋ ಎಂದು ಅಳೆಯುತ್ತಾ ಕೂರುತ್ತಿದ್ದೆ. ಅಳತೆ ಮುಗಿದರೆ ತಗಡಿನ ಗೆರೆ. ಚಿಕ್ಕಮ್ಮ ಎಡಗಡೆಯಿಂದ ಏನಾದರೂ ಹೇಳಿದರೆ ತಿಳಿಯುತ್ತಿರಲಿಲ್ಲ. "ಮೆರೂನ್ ಕೇಳಿದ್ರೆ ಕೇಸರಿ ಕೊಡ್ತೀಯಲ್ಲೇ. ಕಿವಿ ಹೋಗಿದ್ದು ಸರಿ, ಕಣ್ಣಿಗೇನಾಯ್ತೇ?" ಎನ್ನುತ್ತಿದ್ದರು. ಬೈಗುಳವಲ್ಲ, ಅವರ ಮಾತೇ ಹಾಗೆ. ಆದರೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನಲ್ಲಿ ಹರಿಯುವಾಗ ಸಿಳ್ಳೆ ಸ್ವಲ್ಪ ಹಿಂದೆ ಸರಿಯುತ್ತಿತ್ತು. ಅದು ನನಗೆ ಏನೋ ಹೇಳುತ್ತಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಹೀಗೆ ಎರಡು ತಿಂಗಳು ಕಳೆದ ಮೇಲೆ, ಹುಣ್ಣಿಮೆಯ ದಿನ ಅಮ್ಮ ಬುದ್ಧ ವಿಹಾರಕ್ಕೆ ಕರೆದುಕೊಂಡು ಹೋದರು. ಚಿಕ್ಕಂದಿನಿಂದ ಅಲ್ಲಿ ಕಣ್ಣು ಮುಚ್ಚಿ ಕೂತವಳು ನಾನು. ಉಸಿರು ಗಮನಿಸಿ ಎಂದರು. ಸುತ್ತ ಅಷ್ಟು ಜನ, ಒಂದು ಸೀರೆಯ ಸರಭರವೂ ಇಲ್ಲ. ಆ ಮೌನದಲ್ಲಿ ನನ್ನ ತಲೆ ಫ್ಯಾಕ್ಟರಿಯ ಸೈರನ್ನಿನಂತೆ ಕೂಗಿತು. ಎದ್ದು ಹೊರಗೆ ಬಂದು ಚಪ್ಪಲಿಗಳ ಪಕ್ಕ ಕೂತೆ. ಅಮ್ಮ ಹಿಂದೆಯೇ ಬಂದು, "ಸ್ವಲ್ಪ ತಡ್ಕೊಂಡಿದ್ರೆ ಹೋಗ್ತಿತ್ತು ಕಣೆ" ಎಂದರು.

"ಹೋಗಲ್ಲಮ್ಮ. ಸುಮ್ನಿದ್ದಷ್ಟೂ ಅದು ಕೂಗುತ್ತೆ. ನಂಗೆ ಸುಮ್ನಿರೋ ಜಾಗ ಬೇಡ."

ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಅಷ್ಟು ದಿನ ನಾನು ಹುಡುಕುತ್ತಿದ್ದದ್ದೇ ಅಂಥ ಜಾಗವನ್ನು.

ಕೇಳುವಿಕೆಯ ಪರೀಕ್ಷೆಯ ಚೀಟಿ ಇನ್ನೂ ಪರ್ಸಿನಲ್ಲೇ ಇತ್ತು. ಮಾರನೆಯ ವಾರ ಲಕ್ಷ್ಮೀಪುರಂಗೆ ಹೋದೆ. ಹಳೆಯ ಹೆಂಚಿನ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಉಷಾ ಮೇಡಂ ಎಂಬ ಆಡಿಯಾಲಜಿಸ್ಟ್ ಇದ್ದರು. ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸಣ್ಣ ಸಣ್ಣ ಸದ್ದು ಬಿಟ್ಟು, ಕೇಳಿದಾಗಲೆಲ್ಲಾ ಗುಂಡಿ ಒತ್ತಿ ಎಂದರು. ಮೇಲಿನ ಸ್ವರದ ಸದ್ದುಗಳು ಬರುವ ಹೊತ್ತಿಗೆ ಎಡಗಿವಿಯಲ್ಲಿ ನನ್ನ ಸಿಳ್ಳೆ ಯಾವುದು, ಅವರದು ಯಾವುದು ತಿಳಿಯದೆ ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತು.

ಹೊರಗೆ ಬಂದಾಗ ಅವರು ಗೆರೆ ಎಳೆದ ಕಾಗದ ತೋರಿಸಿದರು. ಸಮನಾಗಿ ಹೋಗುತ್ತಿದ್ದ ಗೆರೆ ಒಂದು ಕಡೆ ಹಳ್ಳಕ್ಕೆ ಬಿದ್ದು ಮತ್ತೆ ಎದ್ದಿತ್ತು. "ಇಲ್ಲಿ ಬಿದ್ದಿದೆ ನೋಡಿ ಏಟು. ಕಿವಿಯೊಳಗೆ ಕೂದಲಿಗಿಂತ ಸಣ್ಣ ಎಳೆಗಳ ಜೀವಕೋಶ ಇರುತ್ತೆ. ಸದ್ದು ಹಿಡಿದು ಮಿದುಳಿಗೆ ಕಳಿಸೋದು ಅವೇ. ಈ ಜಾಗದವು ಜಖಂ ಆಗಿವೆ. ಅಲ್ಲಿಂದ ಸುದ್ದಿ ಬರ್ತಿಲ್ಲ. ಮಿದುಳು ಏನ್ಮಾಡುತ್ತೆ? ರೇಡಿಯೋ ಸರಿಯಾಗಿ ಹಿಡಿಯದಿದ್ರೆ ನಾವು ವಾಲ್ಯೂಮ್ ಏರಿಸ್ತೀವಲ್ಲ, ಹಾಗೆ ಏರಿಸುತ್ತೆ. ಏರಿಸಿದಾಗ ಬರೋ ಗೊರಗೊರ ಇದೆಯಲ್ಲ, ಅದೇ ನಿಮ್ಮ ಸಿಳ್ಳೆ."

"ಅಂದ್ರೆ ಭ್ರಮೆ ಅಲ್ವಾ?"

"ಯಾರು ಹಾಗಂದ್ರು? ನಿಮಗೆ ಕೇಳೋದು ನಿಜ. ಹುಚ್ಚೂ ಅಲ್ಲ, ಹೆಚ್ಚಾಗ್ತಾ ಹೋಗಿ ಸಾಯಿಸೋ ಕಾಯಿಲೆಯೂ ಅಲ್ಲ. ಹಾಗಂತ ಎಲ್ಲರ ಸಿಳ್ಳೆಯೂ ಇದೇ ಅಂದ್ಕೋಬೇಡಿ. ನಾಡಿ ಬಡಿದ ಹಾಗೆ ಬಡೀತಿದ್ರೆ, ಒಂದೇ ಕಿವೀಲಿ ಕಾರಣ ಇಲ್ಲದೆ ಬಂದ್ರೆ, ತಲೆ ಸುತ್ತು ಇದ್ರೆ, ಇದ್ದಕ್ಕಿದ್ದ ಹಾಗೆ ಕಿವಿ ಕೇಳದೆ ಹೋದ್ರೆ, ತಡ ಮಾಡದೆ ತೋರಿಸಬೇಕು. ನಿಮ್ಮದಕ್ಕೆ ಕಾರಣ ಗೊತ್ತಿದೆ."

"ಹೋಗುತ್ತಾ ಮೇಡಂ?"

"ಅಳಿಸಿ ಹಾಕೋ ಮಾತ್ರೆ ಇಲ್ಲ. ಇದೆ ಅಂತ ಮಾರೋರಿದ್ದಾರೆ, ಅಲ್ಲಿ ಹೋಗಬೇಡಿ. ಆದ್ರೆ ಅದು ಮುಂದಿನ ಕುರ್ಚೀಲಿ ಕೂರಬೇಕೋ ಹಿಂದಿನ ಬೆಂಚಲ್ಲಿ ಕೂರಬೇಕೋ, ಅದರಲ್ಲಿ ನಿಮ್ಮ ಕೈ ಇದೆ. ಈಗ ಅದು ಕೂಗಿದಾಗಲೆಲ್ಲಾ ಮಿದುಳು ಅಪಾಯ ಅಪಾಯ ಅಂತ ಓಡಿ ಬರ್ತಿದೆ. ಓಡಿ ಬಂದಷ್ಟೂ ಅದನ್ನೇ ಕಾಯುತ್ತೆ."

ಅವರು ಮಾತು ಮುಗಿಸುವ ಮೊದಲೇ ಕಿಟಕಿ ಗಾಜು ಅದುರುವಂತೆ ದೂರದಲ್ಲಿ ಢಂ ಎಂದಿತು. ನಾನು ಕುರ್ಚಿಯಿಂದ ಇಳಿದು ಮೇಜಿನ ಕೆಳಗೆ ಸೇರಿದ್ದೆ. ಗೆರೆ ಎಳೆದ ಕಾಗದ ಕೈಯಲ್ಲಿ ಮುದುರಿಹೋಗಿತ್ತು. ಉಷಾ ಮೇಡಂ ನಗಲಿಲ್ಲ. ಬಗ್ಗಿ, ನನ್ನ ಪಕ್ಕ ನೆಲದ ಮೇಲೇ ಕೂತರು. "ದಸರಾ ತಾಲೀಮು. ಆನೆಗಳಿಗೆ ಫಿರಂಗಿ ಸದ್ದು ರೂಢಿ ಮಾಡಿಸ್ತಿದ್ದಾರೆ. ಇನ್ನೂ ಕೆಲವು ಬರುತ್ತೆ. ಇಲ್ಲೇ ಕೂತಿರೋಣ."

ಇನ್ನೊಂದು ಢಂ. ಸಿಳ್ಳೆ ಬೆಂಕಿಯ ಹಾಗೆ ಎದ್ದಿತು.

"ಆನೆಗಳು ಏನ್ಮಾಡ್ತವೆ?" ಎಂದೆ, ಹಲ್ಲು ಕಚ್ಚಿಕೊಂಡು.

"ಹೊಸಾವು ಮೊದಲ ದಿನ ಹಿಂದಕ್ಕೆ ಓಡ್ತವೆ. ಹಳೇವು ಪಕ್ಕದಲ್ಲಿ ನಿಂತಿರುತ್ತವೆ. ಸದ್ದು ಕಡಿಮೆ ಆಗಲ್ಲ. ಅದರಿಂದ ಏನೂ ಆಗಲಿಲ್ಲ ಅಂತ ಗೊತ್ತಾಗ್ತಾ ಹೋಗುತ್ತೆ, ಅಷ್ಟೆ."

"ನನ್ನನ್ನೂ ಆನೆ ಸಾಲಿಗೆ ಸೇರಿಸಿಬಿಟ್ರಾ ಮೇಡಂ?"

"ನೀವು ಹೊಸದು. ಓಡಿದ್ರೂ ಪರವಾಗಿಲ್ಲ."

ಆ ಮಳೆಗಾಲದಲ್ಲಿ ನಾನು ಮೊದಲ ಸಲ ನಕ್ಕದ್ದು ಆ ಮೇಜಿನ ಕೆಳಗೆ.

ಅವರು ಹೇಳಿದ್ದು ಯಾವುದೂ ದೊಡ್ಡ ವಿದ್ಯೆಯಲ್ಲ. ಹತ್ತಿ ಬಿಸಾಕಿ. ಬರೀ ಮೌನದಲ್ಲಿ ಕೂರಬೇಡಿ, ಸಣ್ಣದಾಗಿ ಏನಾದರೂ ಕೇಳಿಸುತ್ತಿರಲಿ, ಆದರೆ ಸಿಳ್ಳೆಯನ್ನು ಪೂರ್ತಿ ಮುಚ್ಚಿಬಿಡುವಷ್ಟು ಜೋರಾಗಿ ಬೇಡ. ಅದೂ ಇರಲಿ, ಇದೂ ಇರಲಿ, ಮಿದುಳು ತಾನೇ ಎರಡನ್ನೂ ಬಿಟ್ಟು ಬೇರೆ ಕಡೆ ನೋಡುವುದನ್ನು ಕಲಿಯಲಿ. ನಿಜವಾಗಿ ಜೋರು ಸದ್ದಿನ ಕಡೆ ಮಾತ್ರ ಕಿವಿ ಮುಚ್ಚುವ ಮಫ್ ಹಾಕಿ. ಮಲಗುವ ಹೊತ್ತು ತಪ್ಪಿಸಬೇಡಿ. ಭಯ ಬಂದಾಗ ಅದರ ಬಗ್ಗೆ ಮಾತಾಡಲು ಒಬ್ಬ ಆಪ್ತಸಲಹೆಗಾರರ ಹೆಸರು ಕೊಟ್ಟರು, ಅಲ್ಲಿಗೂ ಹೋದೆ. ಎಡಗಿವಿಗೆ ಒಂದು ಮಷಿನ್ನು ಹಾಕಿಕೊಂಡರೆ ಕಳೆದುಹೋದ ಸದ್ದು ಸ್ವಲ್ಪ ವಾಪಸು ಬಂದು ಸಿಳ್ಳೆಯ ಮೇಲಿನ ಗಮನವೂ ಕಡಿಮೆಯಾದೀತು ಎಂದರು.

ಚಿಕ್ಕಮ್ಮನ ಅಂಗಡಿಯಲ್ಲಿ ಸಣ್ಣ ಟೇಬಲ್ ಫ್ಯಾನು ಹಾಕಿದೆ. "ಈ ಚಳೀಲಿ ಫ್ಯಾನ್ ಯಾಕೇ, ದಾರ ಎಲ್ಲಾ ಹಾರುತ್ತೆ" ಎಂದರು. ಗೋಡೆಯ ಕಡೆ ತಿರುಗಿಸಿಟ್ಟೆ. ಮಲಗುವಾಗ ಫೋನಿನಲ್ಲಿ ಮಳೆಯ ಸದ್ದು ಹಾಕಿಕೊಂಡರೆ ಅಮ್ಮ ತಲೆ ಚಚ್ಚಿಕೊಂಡರು: "ಹೊರಗೆ ಸುರೀತಾ ಐತೆ, ಫೋನಲ್ಲೂ ಮಳೆ ಬೇಕೇನೇ ನಿಂಗೆ?"

"ಹೊರಗಿಂದು ನಿಂತುಹೋಗುತ್ತಮ್ಮ. ಇದು ನಾನು ಹೇಳಿದಷ್ಟು ಹೊತ್ತು ಬರುತ್ತೆ."

ಮಷಿನ್ನು ಬಂದ ದಿನ ಮಾತ್ರ ಅಮ್ಮ ತಮಾಷೆ ಮಾಡಲಿಲ್ಲ. ಕಿವಿಯ ಹಿಂದೆ ಹುಣಸೆ ಬೀಜದಷ್ಟಿರುವ ಅದನ್ನು ನೋಡಿ ಕಣ್ಣು ಒರೆಸಿಕೊಂಡರು. ಮುಂದಿನ ವಾರ ನನ್ನನ್ನು ನೋಡಲು ಒಂದು ಮನೆಯವರು ಬರುವವರಿದ್ದರು. "ಆ ದಿನ ಕೂದಲು ಬಿಟ್ಕೊ. ಕಾಣಲ್ಲ. ಮದುವೆ ಆದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು" ಎಂದರು. ಅವರು ಬಂದ ದಿನ ನಾನು ಕೂದಲನ್ನು ಎತ್ತಿ ಬಿಗಿಯಾಗಿ ತುರುಬು ಕಟ್ಟಿದೆ. ಹುಡುಗನ ತಾಯಿ ಕಾಫಿ ಲೋಟ ಹಿಡಿದುಕೊಂಡೇ ಕಣ್ಣನ್ನು ಕಿವಿಗೆ ನೆಟ್ಟು, "ಅದೇನಮ್ಮ ಅದು?" ಎಂದರು. ಎಲ್ಲವನ್ನೂ ಹೇಳಿದೆ. ಟೈರು, ರಿಂಗು, ಸಿಳ್ಳೆ, ಮತ್ತೆ ಅದೇ ಅಂಗಡಿಗೆ ಹೋಗಬೇಕೆಂದಿರುವುದನ್ನೂ. ಅವರು ಮತ್ತೆ ಫೋನ್ ಮಾಡಲಿಲ್ಲ. ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ತಲೆ ಬಾಚುತ್ತಾ, "ಬಿಗಿಯಾಗೇ ಕಟ್ಲಾ?" ಎಂದು ಕೇಳಿದರು.

ಅಪ್ಪನನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ಲಾರಿ ಕೆಲಸ ನಿಂತೇ ಇತ್ತು. ಲಾರಿಗಳು ನಮ್ಮ ಅಂಗಡಿಯ ಮುಂದೆ ನಿಧಾನ ಮಾಡಿ, ಒಳಗೆ ನೋಡಿ, ಮುಂದೆ ಹೋಗುತ್ತಿದ್ದವು. ದಪ್ಪ ಕಬ್ಬಿಣದ ಪೈಪುಗಳಲ್ಲಿ ಪಂಜರ ಮಾಡಿಸಿ, ರಿಂಗು ಹಾರಿದರೂ ತಡೆಯುವಂತೆ ಚಕ್ರವನ್ನು ಅದರೊಳಗೆ ನಿಲ್ಲಿಸಿ, ಉದ್ದನೆಯ ಪೈಪಿನಿಂದ ದೂರ ನಿಂತು ಗಾಳಿ ತುಂಬುತ್ತಾರೆ, ದೊಡ್ಡ ಡಿಪೋಗಳಲ್ಲಿ ಹಾಗೇ ಮಾಡುತ್ತಾರೆ ಎಂದು ಅಪ್ಪನಿಗೆ ವಿಡಿಯೋ ತೋರಿಸಿದೆ. ಅಪ್ಪ ನೋಡದೆ ಮುಖ ತಿರುಗಿಸಿದರು.

"ಚೆಲುವ ಕೈ ಮುರ್ಕೊಂಡ. ನಿನ್ ಕಿವಿ ಹೋಯ್ತು. ಇನ್ನೂ ಏನು ಹೋಗ್ಬೇಕು ಅಂತೀಯ?"

"ಆ ಸುತ್ತಿಗೆ ಹೋಗ್ಬೇಕು ಅಪ್ಪ. ಲಾರಿಗಳು ಪಕ್ಕದ ಅಂಗಡಿಗೆ ಹೋಗ್ತಿವೆ. ಅಲ್ಲೂ ಹಿಂಗೇ ತಟ್ತಾರೆ. ನಾವು ಬಿಟ್ಟಿದ್ದಕ್ಕೆ ರಿಂಗು ಹಾರೋದು ನಿಲ್ಲುತ್ತಾ? ನಮ್ಮ ಅಂಗಡಿ ಬಿಟ್ಟು ಬೇರೆ ಕಡೆ ಹಾರುತ್ತೆ."

ಅಪ್ಪ ಎದ್ದು ಹೊರಗೆ ಹೋದರು, ನಾನೇ ಪಂಜರಕ್ಕೆ ಹೇಳಿ ಬಂದೆ. ಆದರೆ ವೆಲ್ಡಿಂಗ್ ಶೆಡ್ಡಿನಿಂದ ಪಂಜರ ಬಂದ ದಿನ ಅಪ್ಪ ತಾವೇ ಅದನ್ನು ಇಳಿಸಲು ಬಂದು ಒಂದು ಕಡೆ ಹಿಡಿದರು. ಇಳಿಸಿದ ಮೇಲೆ ಪೈಪಿನ ಬೆಸುಗೆಗಳನ್ನು ಒಂದೊಂದಾಗಿ ಬಡಿದು ನೋಡಿದರು. ಒಂದು ಕಡೆ ತೋರಿಸಿ, "ಇಲ್ಲಿ ಇನ್ನೊಂದು ಸಲ ಹಾಕ್ಸು, ಸಾಲ್ದು" ಎಂದರು. ಅದೇ ಅವರ ಒಪ್ಪಿಗೆ.

ದಸರಾ ಮುಗಿದು ಮಳೆ ಹಿಂದೆಗೆಯುತ್ತಿದ್ದ ದಿನಗಳು. ಚೆಲುವಣ್ಣ ಕೆಲಸಕ್ಕೆ ಬಂದಿದ್ದ. ತೋಳಿನ ಮೇಲೆ ಉದ್ದನೆಯ ಹೊಲಿಗೆಯ ಗುರುತು. ಪಂಜರದ ಸುತ್ತ ಒಂದು ಸುತ್ತು ಬಂದು, "ಏನವ್ವ ರೇಖವ್ವ, ಕರಡಿ ಗಿರಡಿ ಸಾಕ್ತೀಯಾ?" ಎಂದ. ಆವತ್ತು ಮಧ್ಯಾಹ್ನ ತೆಂಗಿನಕಾಯಿ ಲಾರಿ ಬಂತು. ಅದೇ ಹಳೆಯ ಮಾದರಿಯ ಡಿಸ್ಕು, ಅದೇ ಥರದ ರಿಂಗು. ಅಪ್ಪ ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದರು. ಲೋಟ ಕೈಯಲ್ಲಿತ್ತು, ಕುಡಿಯುತ್ತಿರಲಿಲ್ಲ.

ಚೆಲುವಣ್ಣ ಟೈರು ಹಾಕಿ ರಿಂಗು ಕೂರಿಸಿದ. ಇಬ್ಬರೂ ಉರುಳಿಸಿ ಪಂಜರದೊಳಗೆ ನಿಲ್ಲಿಸಿದೆವು. ಸ್ವಲ್ಪವೇ ಗಾಳಿ ತುಂಬಿ ನಿಲ್ಲಿಸಿ, ಬ್ಯಾಟರಿ ಹಾಕಿ ನೋಡಿದೆ. ಕೆಳಗೆ ಒಂದು ಕಡೆ ರಿಂಗು ಕೂದಲೆಳೆಯಷ್ಟು ಎದ್ದಿತ್ತು. ಅಷ್ಟರಲ್ಲಿ ಚೆಲುವಣ್ಣನ ಕೈ ತಾನಾಗಿಯೇ ಸುತ್ತಿಗೆಗೆ ಹೋಗಿತ್ತು. ಪ್ಲೇಟು ಹಾಕಿದ ಅದೇ ಕೈ. ಪಂಜರದ ಸಂದಿನಲ್ಲಿ ಸುತ್ತಿಗೆ ತೂರಿಸಲು ಜಾಗ ನೋಡುತ್ತಿದ್ದ.

"ಚೆಲುವಣ್ಣ, ಸುತ್ತಿಗೆ ಕೆಳಗಿಡಿ."

"ಒಂದೇ ಏಟವ್ವ. ಇನ್ನೇನ್ ಕೂತೇಬುಡ್ತು."

"ಆವತ್ತೂ ನೀವು ಇದನ್ನೇ ಹೇಳಿದ್ರಿ."

ಅವನು ನನ್ನನ್ನು ನೋಡಿದ. ಸುತ್ತಿಗೆ ಇಳಿಯಲೂ ಇಲ್ಲ, ಏಳಲೂ ಇಲ್ಲ. ಡ್ರೈವರ್ ಮುಂದೆ ಬಂದ. "ಏನಮ್ಮ ಇದು, ತಟ್ಟಿ ಕೂರ್ಸಕೆ ಇಷ್ಟೊತ್ತಾ? ಮಾರ್ಕೆಟ್ಟಿಗೆ ಕಾಯಿ ಇಳಿಸ್ಬೇಕು ನಾನು. ಎಲ್ಲಾ ಕಡೆ ತಟ್ತಾರೆ, ನಿಮ್ಮಲ್ಲೇನು ಪೂಜೆ ಮಾಡ್ತೀರಾ?"

"ತಟ್ಟಲ್ಲ. ಗಾಳಿ ಪೂರ್ತಿ ಬಿಟ್ಟು, ಬಿಚ್ಚಿ, ಉಜ್ಜಿ, ಮತ್ತೆ ಕೂರಿಸ್ತೀವಿ."

"ಅಂಗಾದ್ರೆ ನಾನು ಮುಂದಿನ ಅಂಗಡಿಗೆ ಓಯ್ತೀನಿ."

"ಹೋಗಿ. ಹಿಂದಿನ ಚಕ್ರ ಇಲ್ಲಿದೆ, ಲಾರಿ ಜಾಕ್ ಮೇಲಿದೆ. ಹೆಂಗೆ ಹೋಗ್ತೀರೋ ಹೋಗಿ."

ಟೀ ಅಂಗಡಿಯಲ್ಲಿ ಯಾರೋ ನಕ್ಕರು. ಡ್ರೈವರ್ ಏನೋ ಗೊಣಗಿದ. ಅದು ನನ್ನ ಎಡಗಡೆ ಇದ್ದದ್ದರಿಂದ ಪೂರ್ತಿ ಕೇಳಲಿಲ್ಲ, ಕೇಳಬೇಕೆಂದೂ ಅನಿಸಲಿಲ್ಲ. ಚೆಲುವಣ್ಣ ಸುತ್ತಿಗೆಯನ್ನು ನಿಧಾನವಾಗಿ ನೆಲಕ್ಕಿಟ್ಟು, ಡ್ರೈವರಿಗೆ ಹೇಳಿದ: "ಅವ್ವ ಯೋಳಿದ್ಮೇಲೆ ಮುಗೀತು ಕಣಣ್ಣ. ಓಗು, ಟೀ ಕುಡ್ಕಂಡ್ ಬಾ."

ಗಾಳಿ ಬಿಟ್ಟೆವು. ಬಿಚ್ಚಿದೆವು. ತೋಡಿನಲ್ಲಿ ತುಕ್ಕಿನ ಒಂದು ಚಕ್ಕೆ ಅಂಟಿಕೊಂಡಿತ್ತು, ನಖದಷ್ಟು. ತಂತಿ ಬ್ರಶ್ಶಿನಲ್ಲಿ ಉಜ್ಜಿದೆ. ಮತ್ತೆ ಕೂರಿಸಿ ಪಂಜರಕ್ಕೆ ನಿಲ್ಲಿಸಿದೆವು. ನಾಝಲ್ಲು ಕಚ್ಚಿಸಿ, ಕಿವಿಗೆ ಮಫ್ ಹಾಕಿಕೊಂಡು, ಪೈಪಿನ ಉದ್ದಕ್ಕೂ ಹಿಂದೆ ಬಂದು ವಾಲ್ವಿನ ಮುಂದೆ ನಿಂತೆ. ಎಲ್ಲರಿಗೂ ಹಿಂದೆ ಸರಿಯಲು ಕೈ ಮಾಡಿದೆ. ಇನ್ನೂ ಹಿಂದೆ ಎಂದೆ. ಡ್ರೈವರ್ ಕೂಡ ಸರಿದ.

ಮಫ್ ಹಾಕಿದ ಕೂಡಲೇ ಹೊರಗಿನದೆಲ್ಲಾ ಹೋಯಿತು. ಉಳಿದದ್ದು ಸಿಳ್ಳೆ. ಅದು ಅಂದು ಕೂಗಿದಷ್ಟು ಯಾವತ್ತೂ ಕೂಗಿಲ್ಲ. ಕಣ್ಣು ತಗಡಿನ ಕಡೆ ಹೋಗಿ ಗೆರೆ ಎಳೆಯಲು ಶುರು ಮಾಡಿತು. ಎಳೆಯಲಿ ಎಂದುಕೊಂಡೆ. ಕೂಗುವುದು ಕೂಗಲಿ. ವಾಲ್ವಿನ ಮೇಲಿರುವ ಕೈ ನನ್ನದು.

ತಿರುಗಿಸಿದೆ. ಮೀಟರಿನ ಮುಳ್ಳು ಎದ್ದಿತು. ಪಂಜರದೊಳಗೆ ಟೈರು ನಿಧಾನವಾಗಿ ಹೊಟ್ಟೆ ಉಬ್ಬಿಸಿಕೊಂಡಿತು. ರಿಂಗು ತನ್ನ ತೋಡಿನಲ್ಲಿ ಸುತ್ತಲೂ ಸಮನಾಗಿ ಕೂತಿತು. ನಾನು ಮುಳ್ಳು ಪೂರ್ತಿ ಏರುವ ತನಕ ಕಣ್ಣು ಮುಚ್ಚಲಿಲ್ಲ.

ಮಫ್ ತೆಗೆದಾಗ ಲಾರಿಗಳ ಹಾರ್ನು, ಟೀ ಅಂಗಡಿಯ ಸ್ಟೋವು, ಚೆಲುವಣ್ಣನ ಮಾತು ಎಲ್ಲಾ ಒಟ್ಟಿಗೆ ಒಳಗೆ ಬಂದವು. ಸಿಳ್ಳೆಯೂ ಅದರ ನಡುವೆ ಎಲ್ಲೋ ಇತ್ತು, ಈಗಲೂ ಇದೆ. ಇದನ್ನು ಬರೆಯುವಾಗಲೂ ಇದೆ. ತೆಂಗಿನಕಾಯಿ ಲಾರಿಯ ಚಕ್ರ ಹಾಕಿ ನಟ್ಟು ಬಿಗಿಯುತ್ತಿದ್ದಾಗ, ಇನ್ನೊಂದು ಲಾರಿ ನಮ್ಮ ಅಂಗಡಿಯ ಮುಂದೆ ನಿಧಾನ ಮಾಡಿ ಒಳಗೆ ನೋಡಿತು. ಅಪ್ಪ ರಸ್ತೆ ದಾಟಿ ಬರುತ್ತಿದ್ದರು. ನಾನು ಅವರ ಮುಖ ನೋಡಲು ನಿಲ್ಲಲಿಲ್ಲ. ಸ್ಪ್ಯಾನರ್ ಚೆಲುವಣ್ಣನ ಕೈಗೆ ಕೊಟ್ಟು, ಹೊರಗೆ ಬಂದು, ಲಾರಿಗೆ ಕೈ ಬೀಸಿ, ಬನ್ನಿ ಬನ್ನಿ ಎಂದು ಒಳಗೆ ಕರೆದೆ.